ವಖಾರಿಯೊಳಗಿನ ವಿಶ್ವವಿದ್ಯಾಲಯ

ನಮ್ಮ ಕಟ್ಟಡದಲ್ಲಿ ಒಂದು ವಾರ ನಗುವಂಥ ಪ್ರಸಂಗ ಏನೂ ನಡೆಯಲಿಲ್ಲವೆಂದರೆ ಆ ವಾರ ರಜೆಗಳು ಹೆಚ್ಚಿದ್ದವು ಎಂದೇ ಅರ್ಥ. ತಪ್ಪು ನಮ್ಮದಲ್ಲ, ಕಟ್ಟಡದ್ದು. ರೋಣದ ಹಳೇ ಪೇಟೆಯಲ್ಲಿರುವ ಈ ಕಲ್ಲಿನ ಕಟ್ಟಡ ಒಂದು ಕಾಲಕ್ಕೆ ಹತ್ತಿಯ ವಖಾರಿ, ಅಂದರೆ ದಾಸ್ತಾನು ಕೋಠಿಯಾಗಿತ್ತು. ಆಮೇಲೆ ಕೋರ್ಟಾಯಿತು. ಆಮೇಲೆ ಹೆರಿಗೆ ದವಾಖಾನೆಯಾಯಿತು. ಕೆಲವು ವರ್ಷ ಹೈಸ್ಕೂಲು ನಡೆದು, ಕೊನೆಗೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ನಮ್ಮ ಪಾಲಿಗೆ ಬಂತು. ಪ್ರತಿ ಸಲವೂ ಬೋರ್ಡು ಬದಲಾಯಿತು, ಊರವರ ರೂಢಿ ಬದಲಾಗಲಿಲ್ಲ. ಇವತ್ತಿಗೂ ಯಾರಾದರೂ ನಮ್ಮ ಹೊಸ್ತಿಲು ದಾಟಿ ಬಂದರೆ, ಇವರು ಯಾವ ಕಾಲದ ಕಟ್ಟಡಕ್ಕೆ ಬಂದಿದ್ದಾರೆ ಎಂದು ಮೊದಲು ವಿಚಾರಿಸಿಕೊಳ್ಳಬೇಕು.

ನಾನು ಇಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗ್ರಂಥಪಾಲಕಿ. ಕಟ್ಟಡದ ನಡುವಿನ ದೊಡ್ಡ ಪಡಸಾಲೆಯೇ ನನ್ನ ಗ್ರಂಥಾಲಯ. ಏಪ್ರಿಲ್ ತಿಂಗಳಲ್ಲಿ ಹೊರಗೆ ಎರೆಮಣ್ಣು ಬಿರಿಯುತ್ತಿರುವಾಗಲೂ ಒಳಗೆ ತಂಪು. ಗೋಡೆಯ ದಪ್ಪ ಎಷ್ಟೆಂದರೆ, ಕಿಟಕಿಯ ಕಟ್ಟೆಯ ಮೇಲೆ ಒಬ್ಬರು ಕಾಲು ಚಾಚಿ ಮಲಗಿ ಓದಬಹುದು. ಓದುತ್ತಾರೆಂದು ಮಲಗಲು ಬಿಟ್ಟವರು ಓದಿದ್ದನ್ನು ಮಾತ್ರ ನಾನು ನೋಡಿಲ್ಲ.

ಕಳೆದ ವರ್ಷ ವಿಶ್ವವಿದ್ಯಾಲಯದಿಂದ ಒಂದು ಪತ್ರ ಬಂತು. ಗಜೇಂದ್ರಗಡದ ರಸ್ತೆಗೆ, ಊರ ಹೊರಗೆ, ತಗಡಿನ ಚಾವಣಿಯ ಹೊಸ ಕಟ್ಟಡ ತಯಾರಾಗಿದೆ. ಎಂಜಿನಿಯರೊಬ್ಬರು ಬಂದು ಹಳೆಯದನ್ನು ಪರೀಕ್ಷಿಸುತ್ತಾರೆ. ಅವರು 'ಯೋಗ್ಯ' ಎಂದು ಬರೆದರೆ ನಾವು ಇಲ್ಲೇ ಇರಬಹುದು. 'ಅಯೋಗ್ಯ' ಎಂದು ಬರೆದರೆ ಪುಸ್ತಕಗಳ ಸಮೇತ ತಗಡಿನ ಕೆಳಗೆ ಹೋಗಬೇಕು, ಇದನ್ನು ಕೆಡವುತ್ತಾರೆ. ಜೊತೆಗೆ ಒಂದು ಫಾರ್ಮಿತ್ತು. ಅದರ ಮೊದಲನೆಯ ಕಾಲಮ್ಮೇ 'ಕಟ್ಟಡದ ಮೂಲ ಉದ್ದೇಶ'. ನಮ್ಮ ಡೈರೆಕ್ಟರ್ ಸಾಹೇಬರು ಅದನ್ನು ಎರಡು ಸಲ ಓದಿ, ನೀವು ಹಳಬರು, ನೀವೇ ತುಂಬಿರಿ ಎಂದು ನನ್ನ ಮೇಜಿನ ಮೇಲಿಟ್ಟು ಹೋದರು.

ಸುತ್ತು ಬಳಸಿ ಹೇಳುವುದೇನು, ನನಗೆ ಈ ಕಟ್ಟಡ ಬಿಟ್ಟು ಹೋಗುವ ಮನಸ್ಸಿರಲಿಲ್ಲ. ಫಾರ್ಮು ಸರಿಯಾಗಿ ತುಂಬಿದರೆ ಕಟ್ಟಡ ಉಳಿದೀತೆಂಬ ಆಸೆಯಿಂದ ಕಾಲಂ ಹಿಡಿದು ಊರು ಸುತ್ತತೊಡಗಿದೆ. ಕೈಯಲ್ಲಿ ಒಂದೇ ಸುಳಿವಿತ್ತು. ಪಡಸಾಲೆಯ ನಟ್ಟನಡುವಿನ ತೊಲೆಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಕಬ್ಬಿಣದ ಕೊಂಡಿ ಇದೆ. ಅದು ಯಾಕಿದೆ ಎಂದು ಗೊತ್ತಾದರೆ ಕಟ್ಟಡ ಯಾಕೆ ಕಟ್ಟಿದರು ಎಂಬುದೂ ಗೊತ್ತಾಗುತ್ತದೆಂದು ನನ್ನ ಎಣಿಕೆ.

ಬಂಡಿ ಬಾಗಿಲು

ಮೊದಲು ಹೋದದ್ದು ಪೇಟೆಯ ಸಾವಕಾರರ ಅಂಗಡಿಗೆ. ವಖಾರಿ ಅವರ ಅಜ್ಜನದಾಗಿತ್ತು. ಸಾವಕಾರರಿಗೆ ಸಂಶಯವೇ ಇರಲಿಲ್ಲ. ಕಟ್ಟಡ ಹತ್ತಿಗಾಗಿಯೇ ಕಟ್ಟಿದ್ದು, ಕೊಂಡಿ ತಕ್ಕಡಿ ತೂಗುಹಾಕಲು, ಬೇಕಾದರೆ ಬಾಗಿಲು ನೋಡಿಕೊಳ್ಳಿ ಅಂದರು.

ಬಾಗಿಲಿನ ಮಾತು ಬಂದ ಕೂಡಲೇ ಇಬ್ಬರಿಗೂ ಹಿಂದೊಮ್ಮೆ ಇಲ್ಲಿಗೆ ಬಂದಿದ್ದ ವಿದ್ವಾಂಸರೊಬ್ಬರು ನೆನಪಾಗಿ ನಗು ಬಂತು.

ನಮ್ಮ ಮುಂಬಾಗಿಲು ಹತ್ತಿ ಹೇರಿದ ಬಂಡಿಯ ಅಳತೆಗೆ ಮಾಡಿದ್ದು. ಪೂರ್ತಿ ತೆರೆಯಲು ಇಬ್ಬರು ಬೇಕು. ಅದಕ್ಕೇ ಒಂದು ಕದದಲ್ಲಿ ಮನುಷ್ಯರು ಬಗ್ಗಿ ಹೋಗುವಷ್ಟು ಸಣ್ಣ ದಿಡ್ಡಿ ಬಾಗಿಲು ಕೊರೆದಿದ್ದಾರೆ. ನಾವೆಲ್ಲ ದಿನಾಲೂ ಅದರಿಂದಲೇ ಹೋಗಿ ಬರುತ್ತೇವೆ. ನಮ್ಮ ಕೇಂದ್ರದಲ್ಲಿ ಓದಿದವರು ಭಾರಿ ವಿನಯವಂತರು ಎಂಬ ಹೆಸರಿದೆ. ಖರೇ ಹೇಳಬೇಕೆಂದರೆ ಅದು ನಾಲ್ಕಾರು ಸಲ ಹಣೆ ಬಡಿಸಿಕೊಂಡ ಮೇಲೆ ಬಂದ ವಿನಯ.

ಒಂದು ವರ್ಷ ವಿಶೇಷ ಉಪನ್ಯಾಸಕ್ಕೆ ದೊಡ್ಡ ವಿದ್ವಾಂಸರೊಬ್ಬರನ್ನು ಕರೆದಿದ್ದೆವು. ಅಂಥವರನ್ನು ದಿಡ್ಡಿಯಿಂದ ಬಗ್ಗಿಸಿ ಕರೆತರುವುದು ಚೆನ್ನಾಗಿರುವುದಿಲ್ಲವೆಂದು ಡೈರೆಕ್ಟರ್ ಸಾಹೇಬರು ದೊಡ್ಡ ಬಾಗಿಲನ್ನೇ ತೆರೆಸಿದರು. ಎರಡೂ ಕಡೆ ವಿದ್ಯಾರ್ಥಿನಿಯರು ಆರತಿ ತಾಟು ಹಿಡಿದು ನಿಂತರು. ಕಾರಿನ ಚಾಲಕ ಹೊಸಬ. ಬಾಗಿಲು ತೆರೆದಿದೆ, ಬಂಡಿ ಹತ್ತಲೆಂದು ಮಾಡಿದ ಇಳಿಜಾರಿದೆ, ಅಕ್ಕಪಕ್ಕ ಜನ ನಿಂತು ಬರ್ರಿ ಬರ್ರಿ ಎಂದು ಕೈ ಮಾಡುತ್ತಿದ್ದಾರೆ. ಅವನು ನಿಲ್ಲಿಸಲೇ ಇಲ್ಲ. ನೇರವಾಗಿ ಗ್ರಂಥಾಲಯದೊಳಗೆ ಬಂದು, ವಾರಪತ್ರಿಕೆಗಳ ಮೇಜಿನ ಪಕ್ಕಕ್ಕೆ ಕಾರು ಹಚ್ಚಿ, ಇಳಿದು ಹಿಂದಿನ ಬಾಗಿಲು ತೆರೆದ. ವಿದ್ವಾಂಸರು ಇಳಿದು ನಾಲ್ಕೂ ಕಡೆ ನೋಡಿ, ನಿಮ್ಮಲ್ಲಿ ವ್ಯವಸ್ಥೆ ಬಹಳ ಅನುಕೂಲವಾಗಿದೆ ಎಂದು ಮೆಚ್ಚಿಕೊಂಡರು.

ಹಿಂದಿನ ಕಾಲದಲ್ಲಿ ಬಂಡಿಗಳು ಈ ಬಾಗಿಲಿನಿಂದ ಬಂದು ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದವಂತೆ. ಹಿತ್ತಲ ಬಾಗಿಲಿದ್ದ ಜಾಗದಲ್ಲಿ ಈಗ ಮಹಿಳೆಯರ ಶೌಚಾಲಯವಿದೆ. ಹಿಂದಕ್ಕೆ ತೆಗೆಯೋಣವೆಂದರೆ ಕಾರಿನ ಬೆನ್ನಿಗೇ ಮಂದಿಯೆಲ್ಲ ಒಳಗೆ ಬಂದು ಬಾಗಿಲತನಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾರು ಅಲ್ಲೇ ಉಳಿಯಿತು. ಉಪನ್ಯಾಸ ಎರಡೂವರೆ ತಾಸು ನಡೆಯಿತು. ಮುಂದಿನ ಸಾಲಿನಲ್ಲಿದ್ದ ಸಾವಕಾರರು ನಡುವೆ ಒಮ್ಮೆ ನನ್ನ ಕಡೆ ವಾಲಿ, ತಮ್ಮ ಅಜ್ಜನ ಕಾಲಕ್ಕೆ ಒಳಗೆ ಬಂದ ಬಂಡಿಯನ್ನು ತೂಕ ಆಗುವತನಕ ಹೊರಗೆ ಬಿಡುತ್ತಿರಲಿಲ್ಲವೆಂದು ಹೇಳಿದ್ದರು. ಕೊನೆಗೆ ವಂದನಾರ್ಪಣೆ ಮುಗಿದದ್ದೇ ತಡ, ಎಲ್ಲರಿಗಿಂತ ಮೊದಲು ಎದ್ದು ನಿಂತವರೂ ಅವರೇ.

"ಆತ್ರಿ, ತೂಕ ಆತು," ಅಂದರು. "ಇನ್ನ ಬಂಡಿ ಬಿಡ್ರಿ."

ಕಟ್ಟೆಯ ಮೇಲಿನ ಮೇಜು

ಪಡಸಾಲೆಯ ಒಂದು ತುದಿಗೆ ಮೂರು ಮೆಟ್ಟಿಲಿನ ಕಲ್ಲಿನ ಕಟ್ಟೆಯಿದೆ. ಕೋರ್ಟಿದ್ದಾಗ ನ್ಯಾಯಾಧೀಶರು ಕೂಡುತ್ತಿದ್ದ ಜಾಗ. ಈಗ ಅಲ್ಲಿ ನನ್ನ ಮೇಜಿದೆ. ಎತ್ತರದಲ್ಲಿ ಕೂತರೆ ಯಾರು ಪುಸ್ತಕದ ಹಾಳೆ ಹರಿಯುತ್ತಾರೆ ಎಂಬುದು ಚೆನ್ನಾಗಿ ಕಾಣುತ್ತದೆಂದು ನಾನೇ ಹಾಕಿಸಿಕೊಂಡದ್ದು.

ಕೋರ್ಟಿನ ಕಾಲದ ಮನುಷ್ಯರೊಬ್ಬರು ಇನ್ನೂ ನಮ್ಮಲ್ಲಿಗೆ ಬರುತ್ತಾರೆ. ಹುಡುಗರಾಗಿದ್ದಾಗ ಇಲ್ಲಿ ಬೇಲಿಫ್ ಆಗಿ ಸೇರಿ, ಕಕ್ಷಿದಾರರ ಹೆಸರು ಕೂಗುವುದು, ನೋಟೀಸು ಮುಟ್ಟಿಸುವುದು ಇಂಥ ಕೆಲಸ ಮಾಡಿದವರು. ಈಗ ಎಂಬತ್ತು ದಾಟಿದೆ. ದಿನಾ ಹತ್ತಕ್ಕೆ ಪೇಪರ್ ಓದಲು ಬರುತ್ತಾರೆ, ಕಟ್ಟೆಗೆ ಬೆನ್ನು ಮಾಡಿ ಮಾತ್ರ ಕೂಡುವುದಿಲ್ಲ. ಪುಸ್ತಕ ಮರಳಿಸದ ವಿದ್ಯಾರ್ಥಿಗಳ ಪಟ್ಟಿ ಮಾಡಿ ನಾನು ಗೋಡೆಗೆ ಅಂಟಿಸಿದರೆ ಯಾರೂ ನೋಡುತ್ತಿರಲಿಲ್ಲ. ಒಂದು ದಿನ ಇವರು ಆ ಪಟ್ಟಿ ಕಿತ್ತುಕೊಂಡು, ದಿಡ್ಡಿಯ ಹೊರಗೆ ಚಹಾದಂಗಡಿಯ ಕಡೆ ಮುಖ ಮಾಡಿ ನಿಂತು, ಒಂದೊಂದು ಹೆಸರನ್ನೂ ತಂದೆಯ ಹೆಸರು, ಊರಿನ ಹೆಸರಿನೊಂದಿಗೆ ಮೂರು ಮೂರು ಸಲ ಕೂಗಿದರು. ಮರುದಿನ ನನ್ನ ಮೇಜಿನ ಮೇಲೆ ಪುಸ್ತಕ ಇಡಲು ಜಾಗ ಇರಲಿಲ್ಲ. ನಮ್ಮಲ್ಲಿಂದ ಯಾವತ್ತೂ ಪುಸ್ತಕ ಒಯ್ಯದ ಒಬ್ಬ ಕೂಡ ಹೆದರಿ ಒಂದು ಪುಸ್ತಕ ತಂದು ಕೊಟ್ಟಿದ್ದ.

ಈ ಬೇಲಿಫರ ಎದುರಿಗೇ ಬೆಳವಣಕಿಯ ಅಣ್ಣ ತಮ್ಮ ಇಬ್ಬರು ಬಂದದ್ದು. ಹೊಲದ ಬದುವಿನ ತಕರಾರು. ಹೊಸ ಕೋರ್ಟಿನಲ್ಲಿ ಮುಂದಿನ ತಾರೀಖು ಸಿಕ್ಕಿತ್ತು. ಮನೆಗೆ ಹೋಗುವ ಮುನ್ನ, ನಮ್ಮಪ್ಪನ ತಕರಾರು ಬಗೆಹರಿದದ್ದು ಈ ಕಟ್ಟಡದಲ್ಲಿ, ಇಲ್ಲಿಯೂ ಒಮ್ಮೆ ಹೇಳಿ ನೋಡೋಣವೆಂದು ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಕಟ್ಟೆಯ ಕೆಳಗೆ ನಿಂತು, ನನಗೆ ಕೈ ಮುಗಿದು, ಇಬ್ಬರೂ ಒಟ್ಟಿಗೇ ಶುರು ಮಾಡಿದರು. ಇದು ಗ್ರಂಥಾಲಯ, ನಾನು ಸಾಹೇಬಳಲ್ಲ ಅಂದೆ. ಅಣ್ಣ ಸುತ್ತಲಿನ ಕಪಾಟುಗಳನ್ನು ನೋಡಿ, ಇಷ್ಟು ಪುಸ್ತಕ ಓದಿದವರಿಗೆ ಒಂದು ಬದುವಿನ ಮಾತು ದೊಡ್ಡದೇ ಅಂದ.

ಇಲ್ಲಿ ಮಾತಾಡುವ ಹಾಗಿಲ್ಲ, ಬಾಯಿ ಮುಚ್ಚಿ ಕೂಡುವುದಾದರೆ ಕೂಡಿ ಎಂದು ನಾನು ಗದರಿದೆ. ಇಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಕೂತರು. ಇದ್ದದ್ದು ಒಂದೇ ಪೇಪರ್. ಅಣ್ಣ ಮೊದಲ ಹಾಳೆ ಹಿಡಿದ, ತಮ್ಮ ಒಳಗಿನ ಹಾಳೆ ಎಳೆದುಕೊಂಡ. ಸ್ವಲ್ಪ ಹೊತ್ತಿಗೆ ಹಾಳೆ ಅದಲು ಬದಲಾಯಿತು. ಆಮೇಲೆ ಕಡಲೆ ಧಾರಣೆಯ ಸುದ್ದಿಯ ಮೇಲೆ ಇಬ್ಬರೂ ಬಗ್ಗಿದರು. ಒಂದು ತಾಸಿಗೆ ಎದ್ದು, ನನಗೆ ಮತ್ತೊಮ್ಮೆ ಕೈ ಮುಗಿದು, ಜೊತೆಯಾಗಿ ಚಹಾಕ್ಕೆ ಹೋದರು. ಮುಂದಿನ ವಾರ ಅದೇ ಊರಿನ ಇನ್ನೊಂದು ಜೋಡಿ ಬಂತು, ಬಂದವರೇ ಮಾತಿಲ್ಲದೆ ಬೆಂಚಿನ ಮೇಲೆ ಕೂತರು.

ಬೇಲಿಫರು ಕಾಲಮ್ಮಿನಲ್ಲಿ ಕೋರ್ಟ್ ಎಂದೇ ಬರೆಯಬೇಕೆಂದು ಪಟ್ಟು ಹಿಡಿದರು. ಅವರ ಪ್ರಕಾರ ಕೊಂಡಿ ಇದ್ದದ್ದು ಸಾಹೇಬರಿಗೆ ಗಾಳಿ ಹಾಕುವ ಜಗ್ಗು ಪಂಖಕ್ಕೆ. ಆ ಅಣ್ಣ ತಮ್ಮ ಹೋದ ದಿನ ಮಾತ್ರ ಅವರು ಬಹಳ ಹೊತ್ತು ವಿಚಾರ ಮಾಡಿ ನನಗೊಂದು ಮಾತು ಹೇಳಿದರು.

"ನಮ್ಮ ಸಾಹೇಬ್ರು ಎಲ್ಲಾರನ್ನೂ ಮಾತಾಡಿಸಿ ಮಾತಾಡಿಸಿನ ಕೆಟ್ರು ನೋಡ್ರಿ."

ಆರನೇ ಕಾಟಿನ ಅರ್ಥಶಾಸ್ತ್ರ

ಎದುರಿನ ಓಣಿಯಲ್ಲಿ ಒಬ್ಬ ಆಯಿ ಇದ್ದಾರೆ. ಹೆರಿಗೆ ದವಾಖಾನೆಯ ಕಾಲದಲ್ಲಿ ಇಲ್ಲಿ ದಾಯಿಯಾಗಿದ್ದವರು. ಸುತ್ತಲಿನ ಹಳ್ಳಿಗಳ ಎಷ್ಟೋ ಮಂದಿಯ ಮೊದಲ ಅಳು ಕೇಳಿದವರು ಇವರೇ. ಮಧ್ಯಾಹ್ನ ಊಟವಾದ ಮೇಲೆ ತಂಪಿಗೆಂದು ಗ್ರಂಥಾಲಯಕ್ಕೆ ಬಂದು ಕಂಬಕ್ಕೊರಗಿ ಕೂಡುತ್ತಾರೆ. ಅಕ್ಷರ ಬಾರದು, ಆದರೆ ನನಗಿಂತ ಚೆನ್ನಾಗಿ ಗ್ರಂಥಾಲಯ ಅವರಿಗೇ ಗೊತ್ತು. ಅರ್ಥಶಾಸ್ತ್ರದ ಕಪಾಟು ಆರನೇ ಕಾಟಿನ, ಅಂದರೆ ಬಾಣಂತಿಯ ಆರನೇ ಮಂಚದ ಜಾಗ. ನಿಘಂಟುಗಳು ಇರುವಲ್ಲಿ ಬಿಸಿನೀರಿನ ಹಂಡೆ ಇತ್ತು. ಇತಿಹಾಸದ ಮೂಲೆಯಲ್ಲಿ ಬಾಣಂತಿಯರ ಮನೆಯವರು ಕೂತು ಜಗಳಾಡುತ್ತಿದ್ದರು.

ಒಮ್ಮೆ ಇಟಗಿಯ ವಿದ್ಯಾರ್ಥಿಯೊಬ್ಬ ತನ್ನ ಅಪ್ಪ ಹುಟ್ಟಿದ ಜಾಗ ಯಾವುದೆಂದು ಕೇಳಿದ. ಆಯಿ ಆರನೇ ಕಾಟು ತೋರಿಸಿದರು. ಅವನು ಕನ್ನಡ ಎಂ.ಎ. ಮಾಡುತ್ತಿದ್ದ, ಆದರೂ ಅರ್ಥಶಾಸ್ತ್ರದ ಕಪಾಟಿನ ಕೆಳಗೆ ನೆಲದ ಮೇಲೆ ಕೂತು ಓದಿ, ಎರಡು ವರ್ಷದಿಂದ ಉಳಿದಿದ್ದ ಪೇಪರ್ ಪಾಸಾದ. ಅಷ್ಟೇ ಸಾಕಾಯಿತು. ಪರೀಕ್ಷೆ ಹತ್ತಿರ ಬಂದರೆ ಆಯಿಯ ಮುಂದೆ ಸಾಲು. ಯಾರ ಅಪ್ಪ, ಯಾರ ಅವ್ವ, ಯಾವ ಊರು ಎಂದು ಕೇಳಿ, ಕಣ್ಣು ಮುಚ್ಚಿ ನೆನಪು ಮಾಡಿಕೊಂಡು, ಆಯಿ ಜಾಗ ತೋರಿಸುತ್ತಿದ್ದರು. ತೋರಿಸಿದ ಜಾಗ ಬಿಟ್ಟು ಯಾರೂ ಅಲ್ಲಾಡುತ್ತಿರಲಿಲ್ಲ.

ಆಯಿಗೂ ಕಾಲಮ್ಮಿನ ವಿಷಯ ಹೇಳಿದೆ. ಅವರು ನಕ್ಕುಬಿಟ್ಟರು. ಕೊಂಡಿ ಕೂಸಿನ ತೊಟ್ಟಿಲಿಗಲ್ಲದೆ ಮತ್ತೇತಕ್ಕೆ? ಗೋಡೆ ಇಷ್ಟು ದಪ್ಪ ಕಟ್ಟಿಸಿದ್ದು ಒಳಗಿನ ಹೆಂಗಸರ ಬೇನೆ ಹೊರಗೆ ಕೇಳಬಾರದೆಂದೇ ಅಲ್ಲವೇ? ಆಮೇಲೆ ಹಳೆಯ ದಿನಗಳ ಮಾತು ತೆಗೆದರು. ಕೂಸು ಹೊರಗೆ ಬಂದ ಕೂಡಲೇ ಗಡಿಯಾರ ನೋಡಿ, ಗಂಡೋ ಹೆಣ್ಣೋ, ಹೊತ್ತು ಎಷ್ಟು ಎಂದು ಕೂಗುವುದು ಅವರ ಕೆಲಸ, ನರ್ಸಬಾಯಿ ಬರೆದುಕೊಳ್ಳುವುದು. ಸರಕಾರದ ಪಗಾರ ಬೇರೆ, ಆದರೆ ಒಂದು ಕೂಸಿಗೆ ಒಂದು ಸೀರೆಯಂತೆ ಮನೆಯವರು ತಂದು ಉಡಿಸಿದರೇ ಹೆರಿಗೆ ಪೂರ್ತಿಯಾದಂತೆ. ಯಾವ ಊರಿನ ಯಾವ ಮನೆಯವರು ಸೀರೆ ಕೊಡಲು ಮರೆತರು ಎಂಬುದು ಇವತ್ತಿಗೂ ಅವರ ಬಾಯಲ್ಲಿದೆ.

ನಾನು ಒಂದು ವಿಷಯ ಗಮನಿಸಿದ್ದೆ. ಸದಾ ಗುಸುಗುಸು ಮಾಡುವ ಮೂವರು ಗೆಳತಿಯರಿಗೆ ಆಯಿ ಮೂರು ಬೇರೆ ಮೂಲೆ ಕೊಟ್ಟಿದ್ದರು. ತೂಕಡಿಸುವವನಿಗೆ ನನ್ನ ಕಟ್ಟೆಯ ಎದುರಿಗೇ ಜಾಗ ಸಿಕ್ಕಿತ್ತು. ಸದಾ ಒಟ್ಟಿಗೇ ಕೂಡುವ ಒಬ್ಬ ಹುಡುಗ, ಒಬ್ಬ ಹುಡುಗಿಯ ಅಪ್ಪಂದಿರು ಹುಟ್ಟಿದ ಕಾಟುಗಳ ನಡುವೆ ಇಡೀ ವಿಜ್ಞಾನ ವಿಭಾಗವೇ ಇತ್ತು. ಯಾರೂ ಇಲ್ಲದಾಗ ಕೇಳಿದೆ, ಆಯಿ, ಇಷ್ಟು ಮಂದಿ ಹುಟ್ಟಿದ ಜಾಗ ಖರೇನೇ ನಿಮಗೆ ನೆನಪಿದೆಯೇ ಎಂದು.

"ಅಕ್ಕಾರ, ಎಲ್ಲಾರೂ ಎಲ್ಲೆರ ಒಂದ ಕಡೆ ಹುಟ್ಟೇ ಇರತಾರಲ್ರಿ," ಅಂದರು ಆಯಿ.

ಮಾಳಿಗೆಯ ಮೇಲಿನ ಹತ್ತೊಂಬತ್ತನೇ ನಂಬರು

ನಮ್ಮದು ಮಣ್ಣಿನ ಮಾಳಿಗೆ. ಕೆಳಗೆ ತೊಲೆ, ಜಂತಿ, ಅದರ ಮೇಲೆ ಮೊಳದಷ್ಟು ಮಣ್ಣು. ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕಿ ಬಡಿಯದಿದ್ದರೆ ಸೋರುತ್ತದೆ. ಆ ಕೆಲಸ ನಮ್ಮ ಸಿಪಾಯಿಯದು. ಅಬ್ಬಿಗೇರಿಯ ಒಕ್ಕಲುತನದ ಮನೆಯವನು, ಮಾಳಿಗೆಯನ್ನೂ ಹೊಲದಂತೆಯೇ ನೋಡಿಕೊಳ್ಳುತ್ತಾನೆ.

ಒಂದು ಮಳೆಗಾಲ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕರೊಬ್ಬರು ಮಾಳಿಗೆ ಹತ್ತಿ, ಅಲ್ಲಿ ತಾನಾಗಿ ಬೆಳೆದ ಗಿಡಗಳನ್ನು ಕಂಡು ಖುಷಿಯಾಗಿ, ಒಂದೊಂದಕ್ಕೂ ದಾರ ಕಟ್ಟಿ, ಜಾತಿಗೊಂದರಂತೆ ನಂಬರು ಚೀಟಿ ಹಚ್ಚಿ ಪಟ್ಟಿ ಮಾಡಿದರು. ಹಳೆಯ ಕಟ್ಟಡಗಳ ಚಾವಣಿಯ ಸಸ್ಯಗಳ ಮೇಲೆ ಲೇಖನ ಬರೆಯುವವರಿದ್ದರು. ಎರಡು ದಿನ ಬಿಟ್ಟು ಹತ್ತಿದರೆ ಹತ್ತೊಂಬತ್ತನೇ ನಂಬರಿನ ಗಿಡಗಳೆಲ್ಲ ಮಾಯ. ದಾರಗಳು ಮಾತ್ರ ಸಾಲಾಗಿ ಬಿದ್ದಿದ್ದವು. ಪಾಪ, ಇಡೀ ಬೆಳಿಗ್ಗೆ ಅದರ ದುಃಖದಲ್ಲೇ ಪಾಠ ಮಾಡಿದರು.

ಮಧ್ಯಾಹ್ನ ನಾವೆಲ್ಲ ಒಟ್ಟಿಗೆ ಬುತ್ತಿ ಬಿಚ್ಚಿದೆವು. ಸಿಪಾಯಿಯ ಹೆಂಡತಿ ಎಲ್ಲರಿಗೂ ಸಾಲುವಷ್ಟು ಹತ್ತರಕಿ ಪಲ್ಲೆ ಕಳಿಸಿದ್ದಳು. ಉಪನ್ಯಾಸಕರು ಎರಡು ಸಲ ಹಾಕಿಸಿಕೊಂಡು, ಇಷ್ಟು ಎಳೆಯ ಸೊಪ್ಪು ಎಲ್ಲಿ ಸಿಕ್ಕಿತು ಎಂದು ಕೇಳಿದರು. ಸಿಪಾಯಿ ಬೆರಳಿನಿಂದ ಮೇಲೆ ತೋರಿಸಿದ. ಆಮೇಲೆ ಉಪನ್ಯಾಸಕರು ಕೈ ತೊಳೆದುಕೊಂಡು, ಪಟ್ಟಿ ತೆಗೆದು, ಹತ್ತೊಂಬತ್ತನೇ ನಂಬರಿನ ಮುಂದೆ ಷರಾ ಬರೆದರು: 'ರುಚಿಕರ'.

ಮೂಲ ಉದ್ದೇಶ

ಹೀಗೆ ನನ್ನ ಫಾರ್ಮಿನ ಮೊದಲ ಕಾಲಮ್ಮಿನಲ್ಲಿ ಪೆನ್ಸಿಲ್‌ನಿಂದ ಹತ್ತಿ ಎಂದು ಬರೆದು ಅಳಿಸಿ, ಕೋರ್ಟ್ ಎಂದು ಬರೆದು ಅಳಿಸಿ, ಹೆರಿಗೆ ಎಂದು ಬರೆದು ಅಳಿಸಿ, ಕಾಗದ ತೆಳ್ಳಗಾಗುವ ಹೊತ್ತಿಗೆ ಎಂಜಿನಿಯರು ಬಂದೇಬಿಟ್ಟರು.

ದಕ್ಷಿಣದ ಕಡೆಯವರು. ಮೈಕಟ್ಟು ದೊಡ್ಡದು, ಮಾತು ಕಡಿಮೆ. ಕೈಯಲ್ಲಿ ಒಂದು ಸಣ್ಣ ಸುತ್ತಿಗೆ. ಬೆಳಿಗ್ಗೆ ಎಂಟೂವರೆಗೆ ಗೋಡೆಯಿಂದ ಶುರು ಮಾಡಿ, ಕಂಬ, ತೊಲೆ, ಜಂತಿ ಎಲ್ಲವನ್ನೂ ತಟ್ಟಿ ನೋಡಿ, ಗಟ್ಟಿ, ಗಟ್ಟಿ ಎಂದು ಬರೆದುಕೊಳ್ಳುತ್ತ ಬಂದರು. ನನ್ನ ಜೀವ ಹಗುರಾಗುತ್ತಿತ್ತು. ಪಡಸಾಲೆಯ ನಡುವೆ, ಕೊಂಡಿಯ ಕೆಳಗಿನ ಹಾಸುಗಲ್ಲಿಗೆ ಸುತ್ತಿಗೆ ಬಿದ್ದಾಗ ಮಾತ್ರ ಸದ್ದು ಬೇರೆಯಾಯಿತು. ಮತ್ತೆ ತಟ್ಟಿದರು. ಟೊಳ್ಳು. ಅವರು ವಹಿ ಮುಚ್ಚಿದರು. ಕೆಳಗೆ ನೆಲ ಕುಸಿದಿದೆ, ಇಷ್ಟು ಪುಸ್ತಕದ ಭಾರದ ಕೆಳಗೆ ಇದು ಅಪಾಯ, ಅಯೋಗ್ಯ ಎಂದು ಬರೆಯದೆ ಬೇರೆ ದಾರಿಯಿಲ್ಲ ಅಂದರು. ನನಗೆ ಕಣ್ಣಲ್ಲಿ ನೀರು ಬಂತು. ಇಪ್ಪತ್ತೆರಡು ವರ್ಷ ಆ ಕಲ್ಲಿನ ಮೇಲೆ ಓಡಾಡಿದ್ದೆ.

ಸಿಪಾಯಿ ಮುಂದೆ ಬಂದು, ಕಲ್ಲಿನ ಮೇಲೆ ಹಿಮ್ಮಡಿಯಿಂದ ಎರಡು ಸಲ ಒದ್ದು, ತಲೆ ಓರೆ ಮಾಡಿ ಸದ್ದು ಆಲಿಸಿದ.

"ಕುಸದಿಲ್ರಿ ಸಾಹೇಬ್ರ. ಹಗೇವು ಐತಿ ಇದು. ನಮ್ಮನ್ಯಾಗೂ ಐತಿ."

ಹಗೇವು ಎಂದರೆ ಜೋಳ ಇಡಲು ನೆಲದಲ್ಲಿ ತೋಡಿದ ಕಣಜ ಎಂದು ನಾನು ಎಂಜಿನಿಯರಿಗೆ ವಿವರಿಸಿದೆ. ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣ ಬಾಯಿ, ಒಳಗೆ ದೊಡ್ಡ ಹೊಟ್ಟೆ, ಮೇಲೊಂದು ಕಲ್ಲು. ಅಂದಾಜಿನ ಮೇಲೆ ತಾವು ಏನೂ ಬರೆಯುವುದಿಲ್ಲ ಎಂದರು ಅವರು. ಸಿಪಾಯಿ ಕಬ್ಬಿಣದ ಹಾರಿಯಿಂದ ಕಲ್ಲು ಮೀಟಿದ. ಕೆಳಗೆ ಕಪ್ಪನೆಯ ಬಾಯಿ ಕಂಡಿತು, ಹಳೇ ಜೋಳದ ವಾಸನೆ ಬಂತು. ಹಗೇವಿನ ಗಾಳಿ ಕೆಟ್ಟದ್ದು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಒಂದೆರಡು ತಾಸು ತೆರೆದಿಟ್ಟು, ಕಂದೀಲು ಇಳಿಬಿಟ್ಟು ನೋಡಿದೆವು. ದೀಪ ಆರಲಿಲ್ಲ. ಅಷ್ಟರಲ್ಲಿ ಸುದ್ದಿ ಹಬ್ಬಿ ಸಾವಕಾರರು, ಬೇಲಿಫರು, ಆಯಿ ಎಲ್ಲರೂ ಬಂದು ಸೇರಿದ್ದರು. ಹಗ್ಗ ಎಲ್ಲಿ ಕಟ್ಟುವುದೆಂದು ಮೇಲೆ ನೋಡಿದರೆ, ಹಗೇವಿನ ಬಾಯಿಯ ನೇರಕ್ಕೆ ಕೊಂಡಿ ನೇತಾಡುತ್ತಿದೆ. ಜೋಳದ ಚೀಲ ಮೇಲೆತ್ತಲು ಹಾಕಿದ ಕೊಂಡಿ ಅದು. ಹತ್ತಿಯೂ ಅಲ್ಲ, ಕೋರ್ಟೂ ಅಲ್ಲ, ತೊಟ್ಟಿಲೂ ಅಲ್ಲ. ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಾನು ಇಳಿಯುತ್ತೇನೆ, ನನಗೆ ರೂಢಿಯಿದೆ ಎಂದ ಸಿಪಾಯಿ. ಸಹಿ ನನ್ನದಾದರೆ ನೋಡುವ ಕಣ್ಣೂ ನನ್ನದೇ ಇರಬೇಕೆಂದು ಎಂಜಿನಿಯರು ಅಂಗಿಯ ತೋಳು ಮಡಿಚಿದರು. ಸಿಪಾಯಿ ಹೇಳಿದಂತೆ ಎರಡೂ ಕೈ ಮೇಲೆತ್ತಿ ಸರಾಗವಾಗಿ ಇಳಿದರು. ಒಳಗಿನಿಂದ ಸುತ್ತಿಗೆಯ ಸದ್ದು ಬಂತು, ಆಮೇಲೆ ಅವರ ದನಿ. ಗೋಡೆ ಕಲ್ಲಿಗಿಂತ ಗಟ್ಟಿಯಿದೆ, ಹನಿ ತೇವವಿಲ್ಲ, ಇಂಥದ್ದು ಈಗ ಕಟ್ಟಲು ಬರುವುದಿಲ್ಲ ಎಂದು ಹೊಗಳುತ್ತಿದ್ದರು. ಡೈರೆಕ್ಟರ್ ಸಾಹೇಬರು ನನ್ನ ಕಡೆ ನೋಡಿ ನಕ್ಕರು. ಗೆದ್ದೆವು ಅಂದುಕೊಂಡೆ.

ಮೇಲೆ ಬರುವಾಗ ಅವರು ಕೈ ಎತ್ತುವುದನ್ನು ಮರೆತರು. ಎದೆಯ ಹತ್ತಿರ ಹಗ್ಗ ಹಿಡಿದು, ಮೊಳಕೈ ಅಗಲಿಸಿ ಬಂದವರು ಹಗೇವಿನ ಕೊರಳಿನಲ್ಲಿ ಸಿಕ್ಕಿಕೊಂಡರು. ತಲೆ ಗ್ರಂಥಾಲಯದಲ್ಲಿ, ಉಳಿದದ್ದೆಲ್ಲ ಕಣಜದಲ್ಲಿ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಪರೀಕ್ಷೆಗೆ ಬಂದವರು ಹೀಗೆ ಸಿಕ್ಕಿಕೊಂಡರೆ ವರದಿಯಲ್ಲಿ ಏನು ಬರೆದಾರು ಎಂಬುದೇ ನನ್ನ ಚಿಂತೆ.

ಒಬ್ಬೊಬ್ಬರೂ ತಮ್ಮ ತಮ್ಮ ಕಾಲದ ಉಪಾಯ ಹೇಳತೊಡಗಿದರು. ಸಾವಕಾರರು, ಇದಕ್ಕಿಂತ ಭಾರದ ಹತ್ತಿ ಅಂಡಿಗೆ ಎತ್ತಿದ್ದೇವೆ, ಕೊಂಡಿಗೆ ಗಾಲಿ ಹಾಕಿ ಜಗ್ಗಿರಿ ಅಂದರು. ಬೇಲಿಫರು, ಈಗ ಇದ್ದ ಸ್ಥಿತಿಯಲ್ಲೇ ಮೊದಲು ಪಂಚನಾಮೆ ಆಗಲಿ, ಆಮೇಲೆ ಹೊರಗೆ ತೆಗೆಯಿರಿ ಅಂದರು. ಡೈರೆಕ್ಟರ್ ಸಾಹೇಬರು ಫೋನು ಹಿಡಿದು, ಯಾರಿಗೆ ಮಾಡಬೇಕೆಂದು ತಿಳಿಯದೆ ಎಲ್ಲರನ್ನೂ ಕೇಳುತ್ತಿದ್ದರು. ಎಂಜಿನಿಯರ ಮುಖ ಕೆಂಪಾಗುತ್ತಿತ್ತು.

ಆಗ ಕಂಬಕ್ಕೊರಗಿದ್ದ ಆಯಿ ಎದ್ದರು. ಸೆರಗು ಸೊಂಟಕ್ಕೆ ಸಿಗಿಸಿದರು.

"ಗಂಡಸರೆಲ್ಲಾ ಹೊರಗ ನಡೀರಿ."

ಯಾಕೆ ಎಂದು ಯಾರೂ ಕೇಳಲಿಲ್ಲ. ಸಾವಕಾರರು, ಬೇಲಿಫರು, ಡೈರೆಕ್ಟರ್ ಸಾಹೇಬರು, ವಿದ್ಯಾರ್ಥಿಗಳು, ಎಲ್ಲರೂ ಸಾಲು ಹಿಡಿದು ದಿಡ್ಡಿಯಿಂದ ಬಗ್ಗಿ ಹೊರಗೆ ಹೋಗಿ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತರು. ಹಗ್ಗ ಹಿಡಿಯಲು ಸಿಪಾಯಿಯೊಬ್ಬನೇ ಉಳಿದ, ಅವನೂ ಗೋಡೆಯ ಕಡೆ ಮುಖ ತಿರುಗಿಸಿ ನಿಂತ. ಆಯಿ ನನಗೆ ಎದುರಿನ ಮನೆಯಿಂದ ಕುಸುಬಿ ಎಣ್ಣೆ ತರಲು ಹೇಳಿದರು. ನಾನು ಓಡಿ ತಂದೆ. ಅವರು ಎಂಜಿನಿಯರ ತಲೆಯ ಬಳಿ ಕುಕ್ಕರಗಾಲಲ್ಲಿ ಕೂತು, ಕುತ್ತಿಗೆಯ ಸುತ್ತ, ಭುಜದ ಸುತ್ತ ಎಣ್ಣೆ ಬಿಟ್ಟರು.

"ಹೆದರಿ ಉಸರ ತುಂಬಕೊಂಡಿ ತಮ್ಮಾ. ಬಿಡು, ಪೂರಾ ಬಿಡು," ಅಂದರು. "ನೀ ಜೋರ ಮಾಡಬ್ಯಾಡ. ನಾ ಹೇಳಿದಾಗ ಅಷ್ಟ ಮಾಡು."

ಕೈ ಒಳಗೆ ಇಳಿಸಿ ಒಂದು ಮೊಳಕೈ ಹುಡುಕಿ ಮೇಲಕ್ಕೆ ಎಳೆದರು. ಒಂದು ಕೈ ಹೊರಗೆ ಬಂತು. ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಮೆಲ್ಲಗೆ ಬಾಗಿಲಿನ ಕಡೆ ತಿರುಗಿಸಿದರು, ಭುಜ ಓರೆಯಾಯಿತು. ಈಗ ಅಂದರು. ಸಿಪಾಯಿ ಜಗ್ಗಿದ, ಎಂಜಿನಿಯರು ಉಸಿರು ಬಿಟ್ಟರು, ಒಂದು ಭುಜ, ಆಮೇಲೆ ಇನ್ನೊಂದು, ಆಮೇಲೆ ಉಳಿದದ್ದೆಲ್ಲ ಜಾರಿ ಬಂದು ಗ್ರಂಥಾಲಯದ ನೆಲದ ಮೇಲೆ ಮಲಗಿತು. ಆಯಿ ಅವರನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ಎರಡು ಬಡಿದರು. ಅವರು ಕೆಮ್ಮಿದರು. ಆಯಿಗೆ ಸಮಾಧಾನವಾಯಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಗೋಡೆಯ ಗಡಿಯಾರ ನೋಡಿ, ಎಷ್ಟೋ ವರ್ಷ ಇದೇ ಜಾಗದಲ್ಲಿ ಕೂಗಿದ ದನಿಯಲ್ಲೇ ಕೂಗಿದರು.

"ಬರಕೋರಿ ಅಕ್ಕಾರ. ಗಂಡು. ಹನ್ನೆರಡೂ ನಲವತ್ತು."

ನಾನೂ ಗಾಬರಿಯಲ್ಲಿ ಕೈಗೆ ಸಿಕ್ಕ ಕಾಗದದ ಮೇಲೆ ಬರೆದುಬಿಟ್ಟೆ. ಹೊರಗಿನಿಂದ ಸಾವಕಾರರ ದನಿ ಕೇಳಿತು, ಇಬ್ಬರೂ ಆರಾಮ ಇದ್ದಾರೇನು ಎಂದು ವಿಚಾರಿಸುತ್ತಿದ್ದರು.

ಎಂಜಿನಿಯರು ಮುಖ ತೊಳೆದು, ಚಹಾ ಕುಡಿದು, ಯಾರ ಮುಖವನ್ನೂ ನೋಡದೆ ಫಾರ್ಮು ತೆಗೆದುಕೊಂಡು ಹೋದರು. ಅವರು ಹೋದ ಮೇಲೆ ನನಗೆ ಹೊಳೆಯಿತು, ನಾನು ಬರೆದದ್ದು ಅದೇ ಫಾರ್ಮಿನ ಮೇಲೆ, ಅದೇ ಮೊದಲ ಕಾಲಮ್ಮಿನಲ್ಲಿ. ಹದಿನೈದು ದಿನ ನನಗೆ ಸರಿಯಾಗಿ ಊಟ ಸೇರಲಿಲ್ಲ.

ಕೊನೆಗೆ ವರದಿ ಬಂತು. ಡೈರೆಕ್ಟರ್ ಸಾಹೇಬರು ನನ್ನ ಮೇಜಿನ ಬಳಿಯೇ ನಿಂತು ಓದಿದರು. ನೆಲ ಗಟ್ಟಿ. ಗೋಡೆ ಗಟ್ಟಿ. ಕಟ್ಟಡ ಯೋಗ್ಯ, ಕೆಡವತಕ್ಕದ್ದಲ್ಲ. ಮೂಲ ಉದ್ದೇಶದ ಕಾಲಮ್ಮಿನಲ್ಲಿ 'ಗಂಡು, ಹನ್ನೆರಡೂ ನಲವತ್ತು' ಎಂಬ ನನ್ನ ಪೆನ್ಸಿಲ್ ಬರಹ ಹಾಗೇ ಇತ್ತು. ಅದರ ಕೆಳಗೆ ಶಾಯಿಯಲ್ಲಿ ಅಚ್ಚುಕಟ್ಟಾಗಿ ಬರೆದಿದ್ದರು: 'ಜೋಳದ ಸಂಗ್ರಹ. ನಂತರದ ಉಪಯೋಗಗಳು: ಹತ್ತಿ, ಕೋರ್ಟ್, ಹೆರಿಗೆ. ಕೊನೆಯದನ್ನು ಸ್ವತಃ ಪರೀಕ್ಷಿಸಲಾಗಿದೆ.'

ವರದಿಯ ಜೊತೆಗೆ ಒಂದು ಪೊಟ್ಟಣವೂ ಇತ್ತು, ಮೇಲೆ ಆಯಿಗೆ ಎಂದು ಬರೆದಿತ್ತು. ರೂಢಿಯ ವಿಷಯ ಅವರಿಗೆ ಹೇಳಿದ್ದು ಸಿಪಾಯಿಯಂತೆ, ಕಾರು ಹತ್ತಿಸುವಾಗ. ಗಜೇಂದ್ರಗಡದ ಕೈಮಗ್ಗದ ಸೀರೆ, ಒಳ್ಳೆಯ ದಡಿ. ಆಯಿ ಅದನ್ನು ಕೊಂಡಿಯ ಕೆಳಗಿನ ಬೆಳಕಿನಲ್ಲಿ ಪೂರ್ತಿ ಬಿಚ್ಚಿ, ಸೆರಗು ನೋಡಿದರು, ನೇಯ್ಗೆ ನೋಡಿದರು. ಅವರ ಕಣ್ಣು ತುಂಬಿದ್ದವು, ನನ್ನವೂ ತುಂಬಿದ್ದವು. ಆಮೇಲೆ ಸೀರೆ ಮಡಿಚಿ ಕಂಕುಳಲ್ಲಿಟ್ಟುಕೊಂಡರು.

"ಸೀರಿ ಚಲೋ ಐತ್ರಿ ಅಕ್ಕಾರ," ಅಂದರು. "ಆದ್ರ ಅಷ್ಟ ದೊಡ್ಡ ಕೂಸಿಗೆ ಒಂದ ಸೀರಿ ಕಡಿಮಿ ಆತು."